ಕೇಪಳದ ಹೂ ಬಿದ್ದ ಬದಿ

ಕೋಡಿ, ಕುಂದಾಪುರ
8-1-2026, ಗುರುವಾರ

ಮಗಳು ಮೋಕ್ಷಿತಾಳಿಗೆ ಅಮ್ಮ ಮಾಡುವ ಆಶೀರ್ವಾದಗಳು.

ನಾವು ಸೌಖ್ಯ. ಹಾಗೆಂದು ಬರೆದೆನಾದರೂ ನಿನ್ನೆ ಮಧ್ಯಾಹ್ನ ಉಂಡು ಒರಗಿದಾಗ ಬಿದ್ದ ಕನಸು ಇನ್ನೂ ಕಣ್ಣಿಂದ ಇಳಿದಿಲ್ಲ. ಕಡಲ ಬದಿಯ ಹೊಯ್ಗೆಯ ಮೇಲೆ ಒಣಮೀನು ಹರವಿದ ಹಾಗೆ ನನ್ನ ಉತ್ತರ ಪತ್ರಿಕೆಗಳನ್ನು ಹರವಿದ್ದರು. ಕಾಗೆ ಓಡಿಸಲು ಕೋಲು ಹಿಡಿದು ಕೂತಿದ್ದೆ. ಕಾಗೆ ಬರಲಿಲ್ಲ, ಹಡಗು ಬಂದವು. ಬಿಳಿ ಹಾಯಿ, ಸದ್ದೇ ಇಲ್ಲ. ಎದ್ದು ಹಾಳೆ ಮಗುಚಿ ಹಾಕುತ್ತೇನೆ, ಒಂದರಲ್ಲೂ ಅಕ್ಷರವಿಲ್ಲ. ಹೆಸರು ಮಾತ್ರ ಇತ್ತು, ಅದೂ ನಿನ್ನದು.

ಪರೀಕ್ಷೆಯಲ್ಲಿ ಮೂರು ಗಂಟೆ ಪೆನ್ನು ಹಿಡಿದು ನಿನಗೆ ಅಭ್ಯಾಸವಾಗಲಿ ಅಮ್ಮ, ಫೋನ್ ಮಾಡಬೇಡ, ಬರೆ ಎಂದು ನೀನೇ ಹೇಳಿದ್ದಲ್ಲ, ಅದಕ್ಕೇ ಇದು. ಬಸ್ಸಿನ ಕಂಡಕ್ಟರ್ ಪ್ರವೀಣನ ಕೈಯಲ್ಲಿ ಬ್ರಹ್ಮಾವರಕ್ಕೆ ಕಳಿಸುತ್ತೇನೆ. ಅವನು ನಿನ್ನ ಹಾಸ್ಟೆಲ್ ಗೇಟಿಗೆ ಕೊಡುತ್ತಾನೋ ಇಲ್ಲವೋ ಎಂಬುದೊಂದು ಚಿಂತೆ ಬೇರೆ.

ಮಗಾ, ಬಾಯಲ್ಲಿ ಹೇಳಲಾಗದ್ದನ್ನು ಬರೆಯುತ್ತೇನೆ. ಹೋದ ವರ್ಷ ಮೂರನೇ ಪೇಪರು ಕಷ್ಟ ಇತ್ತು, ಅದಕ್ಕೇ ಹೋಯಿತು ಎಂದಿದ್ದೆನಲ್ಲ. ನಾನು ಆ ಪೇಪರು ಬರೆಯಲೇ ಇಲ್ಲ. ಬೈಂದೂರಿನ ಕಾಲೇಜಿನ ಗೇಟಿನವರೆಗೆ ಹೋದೆ. ಚಿಕ್ಕ ಚಿಕ್ಕ ಮಕ್ಕಳು ನನ್ನನ್ನು ಮೇಷ್ಟ್ರ ಹೆಂಡತಿಯೋ ಏನೋ ಎಂದುಕೊಂಡು ದಾರಿ ಬಿಟ್ಟರು. ನನಗೆ ಕಾಲು ಏಳಲಿಲ್ಲ. ತಿರುಗಿ ಬಂದು ಬಸ್ ಹತ್ತಿದೆ.

ಕಾರಣ ಕೇಳಿ ನಗಬೇಡ. ಎರಡು ವರ್ಷದ ಹಿಂದೆ ಮುಕ್ತ ವಿಶ್ವವಿದ್ಯಾಲಯಕ್ಕೆ ಸೇರುವಾಗ ನೀನು ಬಿ.ಕಾಂ. ಮಾಡು ಅಮ್ಮ, ಮೀನುಗಾರ ಸೊಸೈಟಿಯಲ್ಲಿ ಕುರ್ಚಿ ಸಿಕ್ಕೀತು, ಬುಟ್ಟಿ ಹೊರುವುದು ತಪ್ಪೀತು ಎಂದಿದ್ದೆ. ನನಗೆ ಇತಿಹಾಸದ ಆಸೆ. ಆಮೇಲೆ ಹತ್ತನೆಯದೂ ಪಿಯುಸಿಯೂ ಮನೆಯಲ್ಲೇ ಕೂತು ಕಟ್ಟಿ ಪಾಸಾದರೂ, ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟಾಗ ಅರ್ಧಕ್ಕೆ ನಿಂತ ಪಾಠ ಅದೇ. ನಿನ್ನ ಅಪ್ಪ ಬಿದ್ದು ಬಿದ್ದು ನಕ್ಕರು. ಎಂತ ಮಾರಾಯ್ತಿ, ಬಂಗ್ಡಿ ಮೀನ್ ತಕಂಬವ್ರ್ ಇತಿಹಾಸ ಕೇಂತ್ರಾ ಅಂದರು. ಕಡೆಗೆ ನಮ್ಮ ಕೇರಿಯ ದೈವ ಬೊಬ್ಬರ್ಯನ ಗುಡಿಯಲ್ಲಿ ಹೂ ಕೇಳಿದೆ. ದೈವ ಮೈಮೇಲೆ ಬರುವ ಪಾತ್ರಿ ಪಾಂಡಣ್ಣ ದೇವರ ಕಲ್ಲಿಗೆ ಒದ್ದೆ ಕೇಪಳದ ಹೂ ಅಂಟಿಸಿದರು. ಬಲಕ್ಕೆ ಬಿದ್ದರೆ ಬಿ.ಎ., ಎಡಕ್ಕಾದರೆ ಬಿ.ಕಾಂ. ಹೂ ನನ್ನ ಬಲಗೈ ಬದಿಗೆ ಬಿತ್ತು. ದೇವರೇ ಬಿ.ಎ. ಅಂದ ಮೇಲೆ ನೀನೂ ಸುಮ್ಮನಾದೆ.

ಮೂರನೇ ಪೇಪರಿನ ಹಿಂದಿನ ಸಂಜೆ ಪಕ್ಕದ ಮನೆ ಸೀತು ಮಾತಿಗೆ ಮಾತು ಬಂದು ಅಂದಳು, ಬಲ ಅಂದರೆ ಕೇಳುವವರ ಬಲವಲ್ಲ, ದೇವರ ಬಲ ಎಂದು. ಎದುರುಬದುರು ನಿಂತರೆ ನನ್ನ ಬಲ ಅವನ ಎಡ. ಅಂದರೆ ಅವನು ಬಿ.ಕಾಂ. ಅಂದಿದ್ದ. ಅಲ್ಲಿಂದ ಪುಸ್ತಕ ತೆರೆದರೆ ಕಳ್ಳತನ ಮಾಡಿದ ಹಾಗೆ ಅನಿಸಿ ಮುಚ್ಚಿಡುತ್ತಿದ್ದೆ.

ಮೊನ್ನೆ ಭಾನುವಾರ ಧೈರ್ಯ ಮಾಡಿ ಪಾಂಡಣ್ಣನ ಹತ್ತಿರ ಹೋದೆ. ಅವರು ಬಲೆ ಹೆಣೆಯುತ್ತಿದ್ದರು. ಇನ್ನೊಮ್ಮೆ ಹೂ ಕೇಳುವ ಅಂದೆ. ತಲೆ ಎತ್ತಲಿಲ್ಲ. ಹ್ವಾಯ್ ಬಾಗಿ, ಆ ಹೂ ಬಾಡಿ ಮಣ್ಣಾಯ್ತ್, ನೀ ಇನ್ನೂ ತಲೆ ಮೇಲ್ ಹೊತ್ಕಂಡ್ ತಿರಗ್ತಿದ್ಯಾ ಅಂದರು. ಪರೀಕ್ಷೆಗ್ ಹೂ ಕೇಂಬುದಲ್ಲ, ಪುಸ್ತಕ ಓದ್ಕ್ ಅಂದರು. ನನಗೆ ಸಮಾಧಾನವಾಗಲಿಲ್ಲ.

ಮಂಗಳವಾರ ಬಸ್ರೂರಿಗೆ ಬುಟ್ಟಿ ಹೊತ್ತಿದ್ದೆ, ಜೊತೆಗೆ ಸೀತು. ಮೀನೆಲ್ಲ ಖಾಲಿಯಾಗಿ ಬಸ್ಸಿಗೆ ಕಾಯುತ್ತ ಕೂತಾಗ ಸುಮ್ಮನಿರಲಾಗದೆ ಪಾಠದಲ್ಲಿದ್ದದ್ದು ಹೇಳಲು ಹಿಡಿದೆ. ಇದೇ ಬಸ್ರೂರು ಬಂದರಾಗಿತ್ತು, ಹೊಳೆಯಲ್ಲಿ ಹಡಗು ಬಂದು ಅಕ್ಕಿ ತುಂಬಿಸಿಕೊಂಡು ಹೋಗುತ್ತಿದ್ದವು, ನಮ್ಮ ಹಾಗೆ ತಲೆಹೊರೆಯ ಹೆಂಗಸರೂ ಇದ್ದಿರಬೇಕು ಎಂದೆಲ್ಲ. ಹೇಳುತ್ತ ಹೇಳುತ್ತ ಬಿಸಿಲಿಗೆ ರಸ್ತೆಯೇ ನೀರಿನ ಹಾಗೆ ಅಲ್ಲಾಡಿತು. ಅಕ್ಕಿಯ ಧೂಳು ಮೂಗಿಗೆ ಬಂತು, ಆಣೆ ಮಾಡುತ್ತೇನೆ. ಬಸ್ಸು ಬಂತು. ಅಂಗಡಿಯವನು ಕೂಗಿದರೂ ಸೀತು ಏಳಲಿಲ್ಲ. ಆ ಬಸ್ಸು ತಪ್ಪಿದರೆ ಗಂಡನಿಗೆ ಚಾ ತಪ್ಪುತ್ತದೆ ಎಂದು ಓಡುವವಳು ಅವಳು. ಬಸ್ ಹೋಯ್ಲಿ ಮಾರಾಯ್ತಿ, ಮುಂದೆ ಎಂತಾಯ್ತ್ ಹೇಳ್ ಅಂದಳು.

ಮುಂದೆ ಎಂತಾಯಿತು ಎಂದು ನನಗೆ ಗೊತ್ತಿರಲಿಲ್ಲ ಮಗಾ. ಅದು ನಾನು ಬರೆಯದೆ ಓಡಿ ಬಂದ ಮೂರನೇ ಪೇಪರಿನ ಪಾಠ.

ಮನೆಗೆ ಬಂದು ಕೈ ತೊಳೆದು ಓದಲು ಕೂತೆ. ಕಳ್ಳತನದ ಅನಿಸಿಕೆ ಹೋಗಿರಲಿಲ್ಲ, ಆದರೂ ಪುಟ ತಿರುಗಿತು. ಸೋಮವಾರ ಬೈಂದೂರಿಗೆ ಹೋಗಿ ಆ ಪೇಪರು ಬರೆಯುತ್ತೇನೆ. ಗೇಟಿನಲ್ಲಿ ಮತ್ತೆ ಕಾಲು ನಿಂತೀತು ಎಂಬ ಹೆದರಿಕೆ ಹೋಗಿಲ್ಲ. ಸೀತು ನಾನೂ ಜೊತೆಗೆ ಬತ್ತೆ ಅಂದಿದ್ದಾಳೆ, ನೀನು ಒಳಗೆ ಹೋಗುವುದನ್ನು ಕಂಡೇ ಮೀನಿಗೆ ಹೋತೆ ಎಂದು. ಬಿ.ಕಾಂ. ಮಾಡದ್ದಕ್ಕೆ ನೀನು ಮುನಿಸಿಕೊಳ್ಳಬೇಡ. ಬುಟ್ಟಿ ಇನ್ನೂ ಸ್ವಲ್ಪ ಕಾಲ ಹೊರುತ್ತೇನೆ, ನನಗೇನೂ ಭಾರವಿಲ್ಲ.

ನಿನ್ನನ್ನೇ ನೆನೆಯುತ್ತಿರುವ,
ಅಮ್ಮ ಬಾಗಿ

ತಾ.ಕ.: ಸೀತು ಹೇಳಿ ಗೊತ್ತಾಯಿತು ಎಂದು ಬರೆದದ್ದು ಸುಳ್ಳು. ದೇವರ ಬಲ ಯಾವುದು ಎಂದು ಬೊಬ್ಬರ್ಯನ ಕೇರಿಯಲ್ಲಿ ಹುಟ್ಟಿದ ನನಗೆ ಗೊತ್ತಿಲ್ಲವೇ? ಹೂ ಕೇಳಿದ ದಿನ ಪಾಂಡಣ್ಣ ದೀಪದ ಬತ್ತಿ ಸರಿ ಮಾಡಲು ತಿರುಗಿದ್ದರು. ಹೂ ದೇವರ ಎಡಕ್ಕೆ ಬಿದ್ದದ್ದು ಕಂಡೆ, ಅವರು ನೋಡುವ ಮೊದಲೇ ತಟ್ಟನೆ ಹೆಕ್ಕಿ ಮುಡಿದುಕೊಂಡು ಬಲಕ್ಕೆ ಬಿತ್ತು ಅಂದೆ. ಹಾಲ್ ಟಿಕೆಟ್ ನಿನ್ನ ಫೋನಿನಲ್ಲಿದೆಯಲ್ಲ, ಇನ್ನೊಂದು ಸಲ ತೆಗೆದು ನೋಡು, ಸೋಮವಾರ ಬೆಳಿಗ್ಗೆ ಹತ್ತಕ್ಕೋ, ಮಧ್ಯಾಹ್ನ ಎರಡಕ್ಕೋ?