ನಲವತ್ತೊಂದನೇ ಕಂತಿನ ಧ್ವನಿ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 10.15

ತೊಂಬತ್ತಾರನೇ ಕಂತಿನ ಮಿಕ್ಸ್ ಮುಗಿಯಿತು. ಗಾಳಿಯ ಸದ್ದನ್ನು ಎರಡು ಡೆಸಿಬಲ್ ತಗ್ಗಿಸಿದೆ. ಫೋನ್ ಸಂದೇಶಕ್ಕೆ ಈ ವಾರ ಬೇಕಾಗಿದ್ದ ವಾಕ್ಯ: "ಊಟ ಮಾಡಿ ಮಲಗಿ, ಕಾಯ್ಬೇಡಿ." ಮೊದಲ ಮೂರು ಪದ ಹಳೆಯ ಕಂತುಗಳಲ್ಲಿ ಸಿಕ್ಕವು. "ಕಾಯ್ಬೇಡಿ" ಎಲ್ಲಿಯೂ ಇರಲಿಲ್ಲ. "ಕಾಯ್ತೀನಿ"ಯ ತಲೆ, "ಹೋಗ್ಬೇಡಿ"ಯ ಬಾಲ. ಬೆಸುಗೆ ಕೇಳಿಸುವುದಿಲ್ಲ.

ಹೀಗೆ ತುಂಡು ಜೋಡಿಸಿ ಮಾಡಿದ್ದರಲ್ಲಿ ಇದು ಇಪ್ಪತ್ತೈದನೇ ಕಂತು. ಧಾರಾವಾಹಿಯ ಪತ್ತೇದಾರನ ಹೆಂಡತಿ ಕಾಣೆಯಾಗಿದ್ದಾಳೆ. ಆಕೆಯ ಮುಖವನ್ನು ಒಮ್ಮೆಯೂ ತೋರಿಸಿಲ್ಲ, ಫೋನಿನಲ್ಲಿ ಬಿಟ್ಟುಹೋದ ಸಂದೇಶಗಳು ಮಾತ್ರ. ಆ ಧ್ವನಿ ನನ್ನ ಹೆಂಡತಿಯದು. ಕಳೆದ ಸೆಪ್ಟೆಂಬರಿನಲ್ಲಿ ಗಂಟಲ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಅಂದಿನಿಂದ ಮನೆಯಲ್ಲಿ ಸ್ಲೇಟು, ಸ್ಟುಡಿಯೋದಲ್ಲಿ ಕತ್ತರಿ.

ಹದಿನೇಳಕ್ಕೆ ಆರು ತಿಂಗಳ ಸ್ಕ್ಯಾನ್. ಕುತ್ತಿಗೆಯ ಎಡಕ್ಕೆ ಒಂದು ಗಂಟು. ಅವಳು ಹೇಳಿಲ್ಲ. ನಾನು ಕಂಡೆ.

ಮಾರ್ಚ್ 6, ಗುರುವಾರ. ರಾತ್ರಿ 8.10

ಪ್ರಸಾರವಾಯಿತು. ನಾದಿನಿಯೂ ಬಂದಿದ್ದಳು. ಸಂದೇಶ ಮುಗಿದೊಡನೆ ಅಕ್ಕನ ಕಡೆ ತಿರುಗಿ, "ನೋಡೇ, ಕಾಣೆಯಾದ ಹೆಂಡ್ತಿನೇ ವಾರ ವಾರ ಇಷ್ಟು ಮಾತಾಡ್ತಾಳೆ. ನಿನ್ನ ಪಕ್ಕದಲ್ಲೇ ಕೂತಿರೋ ಗಂಡ ವಾರಕ್ಕೆ ನಾಲ್ಕು ಮಾತು. ಏನ್ ಭಾವ, ಬಾಯಿಗೆ ಬೀಗ ಹಾಕಿ ಕೀ ಎಲ್ಲಿಟ್ರಿ?"

ಇವಳು ಬರೆದಳು: "ನಾಲ್ಕಾ? ಯಾವ ವಾರ?"

ನಕ್ಕಳು. ನಗೆಗೆ ಸದ್ದಿಲ್ಲ, ಭುಜ ಮಾತ್ರ ಅಲುಗುತ್ತದೆ. ಆಮೇಲೆ: "ಕಾಯ್ಬೇಡಿ ಅಂತ ನಾನು ಯಾವತ್ತೂ ಹೇಳಿಲ್ಲ. ಎಲ್ಲಿ ಕದ್ರಿ?" ವಿವರಿಸಿದೆ. "ಪರವಾಗಿಲ್ಲ ಕಳ್ಳ" ಎಂದು ಬರೆದು ನನ್ನ ಮೊಣಕೈ ತಟ್ಟಿದಳು.

ಈ ಅರ್ಧ ಗಂಟೆಗಾಗಿಯೇ ಅವಳು ಗುರುವಾರ ಎದ್ದು ತಲೆ ಬಾಚಿಕೊಳ್ಳುವುದು.

ಮಾರ್ಚ್ 12, ಬುಧವಾರ

ನಿರ್ದೇಶಕರು ಬಂದಿದ್ದರು. ನೂರ ನಾಲ್ಕನೇ ಕಂತಿಗೆ ಮುಕ್ತಾಯ. ಹೆಂಡತಿ ಸತ್ತಿರುವುದು ಪತ್ತೆಯಾಗುತ್ತದೆ. ಕೊನೆಯ ಸಂದೇಶ ಪೂರ್ತಿ ಕೇಳಿಸಬೇಕು. ನಲವತ್ತು ಸೆಕೆಂಡು.

"ನಲವತ್ತು ಆಗುವುದಿಲ್ಲ" ಎಂದೆ.

"ಇಂಜಿನಿಯರ್ರೇ, ಕೊಲೆ ಮಾಡಿದ್ದು ಯಾರು ಅಂತ ಯಾರಿಗೆ ಬೇಕು? ಅದು ನಂಗೇ ಮರೆತುಹೋಗ್ತಿರತ್ತೆ. ಜನ ಕೂತಿರೋದು ಅವನು ಆ ಫೋನ್ ಕಿವಿಗಿಡೋ ಗಳಿಗೆಗೆ. ಅದೊಂದು ಇಲ್ದಿದ್ರೆ ಇಡೀ ಕಥೆ ಬುಡ ಇಲ್ಲದ ಮರ. ಹೇಗಾದ್ರೂ ಮಾಡಿ."

ಅವಳ ಹಳೆಯ ಧ್ವನಿಮುದ್ರಣಗಳಲ್ಲಿ ಬಳಸದೆ ಬಿಟ್ಟ ಟೇಕುಗಳನ್ನೆಲ್ಲ ಹೊರತೆಗೆಯಬೇಕು.

ಮಾರ್ಚ್ 14, ಶುಕ್ರವಾರ. ಬೆಳಿಗ್ಗೆ 11.20

ಕಂತು 41, ಕಳೆದ ವರ್ಷದ ಫೆಬ್ರವರಿ. ಮೂಲ ಧ್ವನಿಮುದ್ರಣ. ಪೂರ್ತಿ ಬರೆದಿಡುತ್ತೇನೆ.

ಸಂಭಾಷಣೆ ಶುರುವಾಗುವ ಮೊದಲು, ಮೈಕ್ ತೆರೆದೇ ಇದೆ. ಅವಳು: "ರೀ, ಗಂಟಲು ಸರಿ ಇಲ್ಲ. ಎರಡು ವಾರದಿಂದ ಹೀಗೇ ಕರಕರ. ಇವತ್ತು ಬೇಡ, ಡಾಕ್ಟರಿಗೆ ತೋರಿಸ್ಕೊಂಡು ಬರ್ಲಾ?"

ಮತ್ತೆ ಒಂದು ಗಂಡು ಧ್ವನಿ: "ಅದೇನಿಲ್ಲ. ನೀನು ಹೇಳು, ನಾನು ಸರಿ ಮಾಡ್ತೀನಿ."

ನನ್ನದು. ನೆನಪಿಲ್ಲ. ಆದರೆ ನನ್ನದೇ.

ಮಧ್ಯಾಹ್ನ 3.00

ಸರಿ ಮಾಡಿದ್ದೇನೆ. ಕರಕರ ತೆಗೆಯುವ ಫಿಲ್ಟರಿನ ಅಂಕಿಗಳು ಫೈಲಿನಲ್ಲೇ ಇವೆ. 41ರಲ್ಲಿ ಮೂರು ಡೆಸಿಬಲ್. 48ರಲ್ಲಿ ಐದು. 60ರಲ್ಲಿ ಒಂಬತ್ತು. ಪ್ರತಿ ವಾರ ತುಸು ಹೆಚ್ಚಿಸಿದ್ದೇನೆ, ಪ್ರತಿ ವಾರ ಧ್ವನಿ ಸ್ವಚ್ಛವಾಗಿ ಹೊರಹೋಗಿದೆ. ಆರು ತಿಂಗಳು ರೋಗವನ್ನು ಅಳೆದಿದ್ದೇನೆ — ದೋಷವೆಂದು ತಿಳಿದು ತೆಗೆದುಹಾಕಿದ್ದೇನೆ.

ಆಗಸ್ಟಿನಲ್ಲಿ ಡಾಕ್ಟರು ಕೇಳಿದ್ದರು: "ಇಷ್ಟು ದಿನ ಯಾಕಮ್ಮ ಬರ್ಲಿಲ್ಲ? ಆರು ತಿಂಗಳು ಮುಂಚೆ ಬಂದಿದ್ರೆ ರೇಡಿಯೇಶನ್ನಲ್ಲೇ ಮುಗೀತಿತ್ತು." ಅವಳು ನನ್ನ ಕಡೆ ನೋಡಲಿಲ್ಲ. "ಗೊತ್ತಾಗ್ಲಿಲ್ಲ ಡಾಕ್ಟ್ರೇ" ಎಂದಳು.

ಮಾರ್ಚ್ 19, ಬುಧವಾರ

ಸ್ಕ್ಯಾನ್ ವರದಿ. ಎರಡೂ ಶ್ವಾಸಕೋಶಕ್ಕೆ ಹರಡಿದೆ. "ಇನ್ನು ನೋವಾಗದ ಹಾಗೆ ನೋಡ್ಕೊಳ್ಳೋಣ" ಎಂದರು ಡಾಕ್ಟರು. ಎಷ್ಟು ದಿನ ಎಂದು ಕೇಳಿದೆ. ಪೆನ್ನಿನ ಮುಚ್ಚಳ ಹಾಕಿದರು.

ಏಪ್ರಿಲ್ 2, ಬುಧವಾರ. ಸಂಜೆ 4.30

ಹೇಳಿದೆ. ಅಂಕಿಗಳ ಸಮೇತ. ಕಂತು, ದಿನಾಂಕ, ಡೆಸಿಬಲ್. ಬೇರೆ ರೀತಿಯಲ್ಲಿ ಹೇಳಲು ಬರಲಿಲ್ಲ.

ಅವಳು ಬರೆದಳು: "ಗೊತ್ತು."

ಅಳಿಸಿ: "ನಿಮಗೆ ನೆನಪಾಗದೇ ಇರ್ಲಿ ಅಂತಿದ್ದೆ."

ಅಳಿಸಿ: "ನಂಗೂ ಟೀವೀಲಿ ಬರ್ತಿದ್ದ ಆ ನುಣುಪು ಧ್ವನಿನೇ ಇಷ್ಟ ಆಗ್ತಿತ್ತು. ಇನ್ನೂ ಚೆನ್ನಾಗಿದ್ದೀನಿ ಅನ್ಸೋದು."

ಕೋಪವಿಲ್ಲವೇ ಎಂದು ಕೇಳಿದೆ.

"ಇದೆ."

ಅದನ್ನು ಅಳಿಸಲಿಲ್ಲ. ಸ್ಲೇಟನ್ನು ಮೇಜಿನ ಮೇಲೆ ಹಾಗೇ ಇಟ್ಟು ಗೋಡೆಯ ಕಡೆ ತಿರುಗಿ ಮಲಗಿದಳು. ರಾತ್ರಿ ಗಂಜಿ ಕೊಟ್ಟಾಗ ಕುಡಿದಳು. ಬೆಳಿಗ್ಗೆ ನೋಡಿದರೆ ಸ್ಲೇಟು ಹಾಗೆಯೇ ಇತ್ತು —

(ಮೇಲಿನ ಕೊನೆಯ ಎರಡು ಸಾಲು ಮರುದಿನ ಬರೆದದ್ದು.)

ಏಪ್ರಿಲ್ 23, ಬುಧವಾರ

ಆಸ್ಪತ್ರೆಗೆ ಸೇರಿಸಿ ಆರನೇ ದಿನ. ಕೊನೆಯ ಸಂದೇಶ ಸಿದ್ಧ. ಮೂವತ್ತೆಂಟು ಸೆಕೆಂಡು, ನೂರ ಹನ್ನೆರಡು ತುಂಡು. ನಿರ್ದೇಶಕರು ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡು ಹೋದರು.

ಸೀಮೆಸುಣ್ಣ ಹಿಡಿಯಲು ಅವಳ ಬೆರಳಿಗೆ ಶಕ್ತಿಯಿಲ್ಲ. ನನ್ನ ಅಂಗೈ ಮೇಲೆ ಬೆರಳಿನಿಂದ ಬರೆಯುತ್ತಾಳೆ. ನಿಧಾನ. ಅರ್ಧ ಅಕ್ಷರ ಊಹಿಸಬೇಕು.

ಮೇ 1, ಗುರುವಾರ. ರಾತ್ರಿ 9.00

ಕಂತು 104. ಅವಳ ಕೋಣೆಯ ಟೀವಿ ಹಾಕಿದೆ. ಪತ್ತೇದಾರ ಫೋನನ್ನು ಕಿವಿಗಿಡುವ ಮುನ್ನವೇ ನನ್ನ ಕೈ ಎಳೆದಳು. ಆರಿಸಬೇಕೆಂದು ಸನ್ನೆ. ಆರಿಸಿದೆ.

ಅಂಗೈ ಮೇಲೆ: "ಅದು ಅವನಿಗೆ." ಆಮೇಲೆ: "ನೀವು ಮಾತಾಡಿ."

ಮಾತನಾಡಿದೆ. ಹಳೆಯ ಬಾಡಿಗೆ ಮನೆಯ ಕಿಟಕಿ, ನಾದಿನಿಯ ಮದುವೆಯಲ್ಲಿ ನಾನು ಕಳೆದುಕೊಂಡ ಚಪ್ಪಲಿ, ಅವಳು ಮೊದಲ ದಿನ ಮೈಕಿಗೆ ಬೆನ್ನು ಹಾಕಿ ನಿಂತದ್ದು. ಎಷ್ಟು ಹೊತ್ತೋ, ಅಳೆಯಲಿಲ್ಲ. ಒಮ್ಮೆ ಭುಜ ಅಲುಗಿತು. ಆಮೇಲೆ ನಿದ್ದೆ.

ಮೇ 2, ಶುಕ್ರವಾರ. ಬೆಳಿಗ್ಗೆ 6.10

ನರ್ಸ್ ನನ್ನನ್ನು ಹೊರಗೆ ಕೂರಿಸಿದ್ದಾರೆ. ಒಳಗೆ ಇಬ್ಬರು ಡಾಕ್ಟರು.

ನಿನ್ನೆ ಎಲ್ಲ ಹೇಳಿದೆ. ಏಪ್ರಿಲ್ ಎರಡರಂದೂ ಲೆಕ್ಕವಷ್ಟೇ ಒಪ್ಪಿಸಿದ್ದೆ. ತಪ್ಪಾಯಿತು ಎಂಬ ಒಂದು ಮಾತು ಈ ತನಕ ಬಾಯಿಂದ ಬಂದಿಲ್ಲ — ಈಗಷ್ಟೇ ತಿಳಿಯಿತು. ಬಾಗಿಲು ತೆರೆದೊಡನೆ ಮೊದಲು ಅದನ್ನು ಹೇಳ—