ಅಪ್ಪ ಜೋರಾಗಿಯೇ ಮಾತಾಡಲಿ

ಅಪ್ಪಾ,

ಓದಲು ನೀವಿಲ್ಲ, ಆದರೂ ಇವತ್ತಿನ ಸುದ್ದಿ ನಿಮಗೆ ಹೇಳದೆ ಇರಲಾಗುತ್ತಿಲ್ಲ.

ಮಣ್ಣಗುಡ್ಡದಲ್ಲಿರುವ ಗೆಳತಿ ಜಸೀಲಾಳ ಮನೆಯಲ್ಲಿ ನಮ್ಮ ಕಿರುಚಿತ್ರದ ಕೆಲಸ ಹಂಚಿಕೊಂಡೆವು. “ಸಾಹಿತ್ಯ ಓದಿದವಳು ನೀನು, ಸ್ಕ್ರಿಪ್ಟ್ ಬರಿ ಮಾರಾಯ್ತಿ,” ಎಂದ ನಿರ್ದೇಶಕ ಶ್ರವಣ್. ನಾನು ಸೌಂಡ್ ರೆಕಾರ್ಡಿಂಗ್ ಕೆಲಸವನ್ನೇ ಕೇಳಿ ಪಡೆದೆ. ಕಥೆಯನ್ನೂ ಹೇಳಿದೆ, ನಮ್ಮಿಬ್ಬರದೇ. ಪಣಂಬೂರಿನ ಕಾರ್ಖಾನೆಯ ಯಂತ್ರಗಳ ನಡುವೆ ದುಡಿದು ಕಿವಿ ಮಂದವಾದ ಅಪ್ಪ, ಮಗಳ ಮಾರ್ಕನ್ನು ಇಡೀ ಬಸ್ಸಿಗೆ ಕೇಳುವಂತೆ ಹೊಗಳುತ್ತಾರೆ. ಮಗಳು ಕಿಟಕಿಯತ್ತ ಮುಖ ತಿರುಗಿಸುತ್ತಾಳೆ.

“ಲಾಯ್ಕ ಉಂಟು. ಆದ್ರೆ ಅಪ್ಪ ಸ್ವಲ್ಪ ಮೆಲ್ಲ ಮಾತಾಡ್ಲಿ, ಮೈಕ್ ಉಂಟಲ್ಲ,” ಎಂದ ಶ್ರವಣ್.

“ಬೇಡ! ಅವರು ಜೋರಾಗಿಯೇ ಮಾತಾಡ್ಬೇಕು!”

ಎಲ್ಲರೂ ನನ್ನನ್ನೇ ನೋಡಿದರು. ಜಸೀಲಾಳ ಉಮ್ಮ ಅಡುಗೆಮನೆಯಿಂದ ಇಣುಕಿ, “ಅದು ಯಾರ ಸ್ವರ ಮಕ್ಕಳೇ?” ಎಂದರು.

“ನನ್ನದು ಆಂಟಿ,” ಎಂದೆ. ಆಗಲೂ ಸ್ವರ ತಗ್ಗಿಸಲಿಲ್ಲ.