ಕೋವಿಗೋ, ಪಿಸ್ತೂಲಿಗೋ

ಕ್ರುಕೆಡ್ ರನ್, ಪೆನ್ಸಿಲ್ವೇನಿಯಾ
ನವೆಂಬರ್ 18, ಸೋಮವಾರ ಬೆಳಿಗ್ಗೆ

ಪ್ರೀತಿಯ ಮಗಳು ರೆನೀಗೆ,

ಲಕೋಟೆಯ ಮೇಲೆ ಅಮ್ಮನ ದುಂಡಗಿನ ಬರಹದ ಬದಲು ನನ್ನ ಕಾಗೆಕಾಲು ಗುಬ್ಬಿಕಾಲು ಕಂಡು ಹೆದರಬೇಡ. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಆರೋಗ್ಯ ಹೇಗಿದೆ? ಹನ್ನೆರಡು ಗಂಟೆ ಪಾಳಿ ಮುಗಿಸುವಷ್ಟರಲ್ಲಿ ಪಾದ ಊದಿಕೊಂಡು ಬೂಟು ಬಿಚ್ಚುವುದೇ ಕಷ್ಟ ಎಂದು ಅಮ್ಮನಿಗೆ ಹೇಳಿದೆಯಂತೆ. ಬಿಸಿನೀರಿಗೆ ಉಪ್ಪು ಹಾಕಿ ಕಾಲಿಡು ಎಂದು ಬರೆಯಹೊರಟಿದ್ದೆ, ನರ್ಸಿಗೆ ವೈದ್ಯ ಹೇಳಿಕೊಡುವಷ್ಟು ದೊಡ್ಡವನಾದೆನೇ ಎಂದು ನನಗೇ ನಗು ಬಂತು. ಆದರೂ ಇಟ್ಟು ನೋಡು. ಭಾನುವಾರ ನೀನು ಫೋನ್ ಮಾಡಿದಾಗ ನಾನು ಗರಾಜಿನಲ್ಲಿ ಏನೋ ರಿಪೇರಿ ಮಾಡುತ್ತಿರುತ್ತೇನೆ ಎಂದು ಅಮ್ಮ ಹೇಳುತ್ತಾಳಲ್ಲ, ಅದು ಸುಳ್ಳು. ಬಾಗಿಲ ಸಂದಿಯಲ್ಲಿ ನಿಂತು ಅವಳು ಕೊಡುವ ಉತ್ತರಗಳಿಂದ ನಿನ್ನ ಪ್ರಶ್ನೆಗಳನ್ನು ಊಹಿಸಿಕೊಳ್ಳುತ್ತಿರುತ್ತೇನೆ. ಮೂರು ವರ್ಷದಿಂದ ಅದೇ ನನ್ನ ಭಾನುವಾರದ ಕೆಲಸ. ಅಮ್ಮನ ಮಂಡಿನೋವು ಹಾಗೇ ಇದೆ, ಹೆಚ್ಚಾಗಿಲ್ಲ. ನಿನ್ನೆ ಅಕ್ರೋಟು ತುಂಬಿದ ಸುರುಳಿ ರೊಟ್ಟಿ ನಾಲ್ಕು ಮಾಡಿಟ್ಟಿದ್ದಾಳೆ. ಇಬ್ಬರಿಗೆ ನಾಲ್ಕು ಯಾಕೆ ಎಂದು ನಾನು ಕೇಳಲಿಲ್ಲ.

ಸುದ್ದಿ ನಿನಗೆ ಟೀವಿಯಲ್ಲೇ ಗೊತ್ತಾಗಿರುತ್ತದೆ. ನಮ್ಮ ಅಂಗಡಿಗಳ ಕಂಪನಿ ಪಿಸ್ತೂಲಿನ ತೋಟಾ ಮಾರುವುದನ್ನು ನಿಲ್ಲಿಸುತ್ತಿದೆ. ಸೈನಿಕರ ಬಂದೂಕಿನ ಹಾಗೆ ಕಾಣುವ ಕೋವಿಗಳಿಗೆ ಹಾಕುವ ಸಣ್ಣ ತೋಟಾಗಳನ್ನೂ. ಇರುವ ಸರಕು ಖಾಲಿಯಾದ ಮೇಲೆ ಹೊಸದು ತರಿಸುವುದಿಲ್ಲ. ಜಿಂಕೆ ಬೇಟೆಯ ತೋಟಾ, ಹಕ್ಕಿ ಹೊಡೆಯುವ ಚರೆ ಮಾತ್ರ ಅದೇ ಕೌಂಟರಿನಲ್ಲಿ ಮೊದಲಿನಂತೆಯೇ ಇರುತ್ತವೆ. ಬೇಸಿಗೆಯಲ್ಲಿ ದೂರದ ಊರಿನ ನಮ್ಮದೇ ಅಂಗಡಿಯೊಂದರಲ್ಲಿ ಸಾಮಾನು ಕೊಳ್ಳಲು ಬಂದವರು ಗುಂಡೇಟಿಗೆ ಸತ್ತರಲ್ಲ, ಅದಾದ ಮೇಲೆ ದೊಡ್ಡವರು ಕೂತು ಯೋಚಿಸಿದ್ದಾರೆ. ನಮಗೆ ಒಂದು ಹಾಳೆ ಕಳಿಸಿದರು. ಅದನ್ನು ನಾಲ್ಕು ಸಲ ಓದಿದೆ. ಓದಿದಷ್ಟು ಸಲವೂ ಇದು ಸರಿ ಎಂದೂ ಅನ್ನಿಸಿತು, ಇದರಿಂದ ಏನಾದೀತು ಎಂದೂ ಅನ್ನಿಸಿತು.

ಊರಿನವರಂತೂ ತೀರ್ಮಾನ ನಾನೇ ತೆಗೆದುಕೊಂಡ ಹಾಗೆ ಆಡುತ್ತಿದ್ದಾರೆ. ಹಾಳೆ ಬಂದ ವಾರವೇ ಕಪಾಟು ಅರ್ಧ ಖಾಲಿಯಾಯಿತು. ಎಂದೂ ಪಿಸ್ತೂಲು ಮುಟ್ಟದವರೂ ಎರಡೆರಡು ಪೆಟ್ಟಿಗೆ ಒಯ್ದರು. ಮರದ ಮಿಲ್ಲಿನ ಗಸ್ ಎಲ್ಲರೆದುರೇ ಕೇಳಿದ, "ಏನಪ್ಪಾ ಎಮಿಲ್, ಬರೋ ವರ್ಷ ಕವಣೆಕಲ್ಲು ತೂಕ ಮಾಡಿ ಕೊಡ್ತೀಯಾ?" ನಾನು ನಕ್ಕೆ. ಅವನು ನಗಲಿಲ್ಲ. "ನಿಮ್ಮ ಕಂಪನಿಯೋರಿಗೆ ನಾವೆಲ್ಲ ಕೊಲೆಗಾರರ ಥರ ಕಾಣ್ತೀವೇನಯ್ಯಾ? ನನ್ನ ಮುಖ ನೋಡಿ ಹೇಳು," ಅಂದ. ಮಾರನೆಯ ದಿನ ಚರ್ಚಿನ ಗ್ರೆಟ್ಚೆನ್ ಅಜ್ಜಿ ಕೌಂಟರಿನ ಮೇಲಿಂದ ಕೈ ಚಾಚಿ ನನ್ನ ಕೈ ಹಿಡಿದು, "ಕೊನೆಗೂ ಒಳ್ಳೆ ಕೆಲ್ಸ ಮಾಡಿದೆ ಮಗಾ, ದೇವ್ರು ನಿಂಗೆ ಒಳ್ಳೇದು ಮಾಡ್ಲಿ," ಅಂದಳು. ಅವನ ಬೈಗುಳವನ್ನೂ ತೆಗೆದುಕೊಂಡೆ, ಇವಳ ಆಶೀರ್ವಾದವನ್ನೂ ತೆಗೆದುಕೊಂಡೆ. ಎರಡರಲ್ಲಿ ನನಗೆ ಸೇರಬೇಕಾದದ್ದು ಯಾವುದೋ ತಿಳಿಯದು. ಇದರ ಮೇಲೆ ಸರ್ಕಾರದವರು ಬೇರೆ ಈ ವರ್ಷ ಜಿಂಕೆ ಬೇಟೆಯನ್ನು ಸೋಮವಾರದ ಬದಲು ಶನಿವಾರ ಶುರು ಮಾಡಲು ಹೊರಟಿದ್ದಾರೆ. ನನ್ನ ಅಜ್ಜನ ಕಾಲದಿಂದ ಇದ್ದ ಸೋಮವಾರ. ಶಾಲೆಗೆ ರಜೆ ಕೊಡುತ್ತಿದ್ದ ಸೋಮವಾರ. ಯಾವುದೂ ಇದ್ದ ಜಾಗದಲ್ಲಿ ಇಲ್ಲ, ರೆನೀ.

ಮೂರು ವರ್ಷದ ಹಿಂದೆ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಕೂತಾಗ ನೀನು ಆಡಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ. "ಅಪ್ಪಾ, ಅಲ್ಲಿ ನೀನು ಕೌಂಟರ್ ಮೇಲೆ ಇಟ್ಟು ಕೊಡ್ತೀಯ. ಆಸ್ಪತ್ರೇಲಿ ಅದು ಹೊಕ್ಕೋರ ಪಕ್ಕ ನಾನು ನಿಂತಿರ್ತೀನಿ. ನೀನು ಆ ಕೌಂಟರ್ ಬಿಡೋವರೆಗೂ ಈ ಟೇಬಲ್ಲಿಗೆ ನಾನು ಬರಲ್ಲ." ಆಗ ನಾನು ಕೊಟ್ಟ ಉತ್ತರವೂ ನೆನಪಿದೆ. ಹತ್ತೊಂಬತ್ತು ವರ್ಷದಲ್ಲಿ ಒಂದು ಪೆಟ್ಟಿಗೆಯನ್ನೂ ಕಾನೂನು ಮೀರಿ ಕೊಟ್ಟವನಲ್ಲ ಅಂದೆ. ಅದು ನಿಜವೇ. ಕೆಲವು ತೋಟಾ ಎರಡಕ್ಕೂ ಆಗುತ್ತವೆ, ಕೋವಿಗಾದರೆ ಹದಿನೆಂಟು ವರ್ಷ ಸಾಕು, ಪಿಸ್ತೂಲಿಗಾದರೆ ಇಪ್ಪತ್ತೊಂದು ತುಂಬಿರಬೇಕು. ಅದಕ್ಕೇ ಬಂದವರನ್ನೆಲ್ಲ "ಕೋವಿಗೋ, ಪಿಸ್ತೂಲಿಗೋ?" ಎಂದು ಕೇಳುವುದು. ವಯಸ್ಸಾದವರನ್ನೂ ಕೇಳುತ್ತೇನೆ, ಪಾದ್ರಿಯವರನ್ನೂ ಕೇಳಿದ್ದೇನೆ, ಒಮ್ಮೆ ನಿದ್ದೆಗಣ್ಣಿನಲ್ಲಿ ಕಾಫಿ ಕೊಡಲು ಬಂದ ನಿನ್ನಮ್ಮನನ್ನೂ ಕೇಳಿದ್ದೇನಂತೆ. ಅವರು ಹೇಳಿದ್ದನ್ನು ಕೇಳಿಸಿಕೊಂಡು ಬಟನ್ ಒತ್ತುವುದಷ್ಟೇ ನನ್ನ ಕೆಲಸ. ಹೇಳಿದವರ ಮುಖ ನೋಡಬೇಕು ಎಂದು ಯಾವ ನಿಯಮದಲ್ಲೂ ಇಲ್ಲ.

ಹೋದ ಬುಧವಾರ ಮುಖ ನೋಡಿಬಿಟ್ಟೆ. ಬಂದವನು ಡ್ವೈಟ್ ಕ್ರೇಮರ್. ನಿನಗಿಂತ ಎರಡು ತರಗತಿ ಮುಂದಿದ್ದ, ಬ್ಯಾಂಡಿನಲ್ಲಿ ದೊಡ್ಡ ಡೋಲು ಹೊತ್ತು ನಡೆಯುತ್ತಿದ್ದವನು. ಸೆಪ್ಟೆಂಬರಿನಲ್ಲಿ ಅವನ ಹೆಂಡತಿ ಶೆಲ್ಬಿ ಮಕ್ಕಳನ್ನು ಕರೆದುಕೊಂಡು ತಾಯಿ ಮನೆಗೆ ಹೋದಳು. ಊರಿಗೆಲ್ಲ ಗೊತ್ತಿರುವ ಸಂಗತಿ. ಅವನು ಗಡ್ಡ ಬಿಟ್ಟಿದ್ದ, ಅಂಗಿಯ ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡಿದ್ದ. "ಒಂಬತ್ತು ಮಿಲಿಮೀಟರ್ ಒಂದು ಪೆಟ್ಟಿಗೆ ಕೊಡು ಮಾಮ," ಅಂದ. ನಾನು ರೂಢಿಯಂತೆ ಕೇಳಿದೆ. "ಪಿಸ್ತೂಲಿಗೆ. ನಿಂಗೊತ್ತಲ್ಲ," ಅಂದ. ಅವನ ವಯಸ್ಸು ನಲವತ್ತರ ಹತ್ತಿರ, ಕಾನೂನಿನ ಅಡ್ಡಿಯೇನೂ ಇಲ್ಲ. ಕೊನೆಯ ಒಂದೇ ಒಂದು ಪೆಟ್ಟಿಗೆ ನನ್ನ ಮೊಣಕಾಲ ಬಳಿಯ ಡ್ರಾಯರಿನಲ್ಲಿತ್ತು. ಕಪಾಟಿನಲ್ಲಿ ಆಗಲೇ ಮೀನುಗಾಳದ ರಾಟೆಗಳನ್ನು ಜೋಡಿಸಿದ್ದರಿಂದ ಅದನ್ನು ಅಲ್ಲಿಟ್ಟಿದ್ದೆ. ನಾನು "ಮುಗಿದೋಯ್ತಪ್ಪ" ಅಂದೆ. ಹೇಗೆ ಅಂದೆ ಎಂದು ಕೇಳಬೇಡ, ನಾಲಿಗೆ ಅಂದುಬಿಟ್ಟಿತು. ಅವನು ಆ ರಾಟೆಗಳನ್ನೇ ಸುಮಾರು ಹೊತ್ತು ನೋಡುತ್ತಾ ನಿಂತಿದ್ದ. ಆಮೇಲೆ "ಸರಿ ಬಿಡು, ಡೊಲೊರೆಸ್ ಅತ್ತೆಗೆ ಕೇಳಿದೆ ಅಂತ ಹೇಳು," ಎಂದು ನಿನ್ನಮ್ಮನನ್ನು ವಿಚಾರಿಸಿ, ನಾಯಿ ಬಿಸ್ಕತ್ತಿನ ಚೀಲ ಹೊತ್ತುಕೊಂಡು ಹೋದ. ಸ್ಟೂಲು ಎಳೆದುಕೊಂಡು ಕೂತೆ.

ಅಂದಿನಿಂದ ನನಗೆ ಯಾವುದೂ ಬಗೆಹರಿಯುತ್ತಿಲ್ಲ. ಇಪ್ಪತ್ತು ಮೈಲಿ ಆಚೆ ಹೆದ್ದಾರಿಯ ಪಕ್ಕದ ಅಂಗಡಿಯಲ್ಲಿ ಅದೇ ಪೆಟ್ಟಿಗೆ ಸೂರಿನವರೆಗೆ ಪೇರಿಸಿಟ್ಟಿದ್ದಾರೆ. ಬೇಕಿದ್ದರೆ ಅವನು ಅಲ್ಲಿಗೆ ಹೋಗುತ್ತಾನೆ. ನಿನ್ನೆ ಚರ್ಚಿನಲ್ಲಿ ನೋಡಿದರೆ ಮೂರನೇ ಸಾಲಿನಲ್ಲಿ ಡ್ವೈಟ್, ನುಣ್ಣಗೆ ಗಡ್ಡ ಹೆರೆದು, ಎರಡೂ ಕಡೆ ಮಕ್ಕಳನ್ನು ಕೂರಿಸಿಕೊಂಡು ಹಾಡುತ್ತಿದ್ದ. ನನ್ನನ್ನು ಕಂಡು ತಲೆಯಾಡಿಸಿದ. ನನಗೆ ಅಳು ಬಂತು, ಕೆಮ್ಮಿದ ಹಾಗೆ ಮಾಡಿದೆ. ಹಾಗಾದರೆ ಬುಧವಾರ ಅವನು ಬಂದದ್ದು ಬರೀ ಖಾಲಿ ಡಬ್ಬಿಗಳನ್ನಿಟ್ಟು ಗುರಿ ಅಭ್ಯಾಸ ಮಾಡಲೋ ಏನೋ. ಒಬ್ಬ ಒಳ್ಳೆಯ ಮನುಷ್ಯನ ಬಗ್ಗೆ ಕೆಟ್ಟದ್ದು ಯೋಚಿಸಿ ಸುಳ್ಳು ಹೇಳಿದೆನೋ, ಅಥವಾ ಆ ಸುಳ್ಳಿನಿಂದಲೇ ಅವನು ನಿನ್ನೆ ಅಲ್ಲಿ ಕೂತಿದ್ದನೋ, ಯಾರು ಹೇಳುತ್ತಾರೆ? ಇದಕ್ಕಿಂತ ದೊಡ್ಡ ತಲೆನೋವು ಇನ್ನೊಂದಿದೆ. ಈ ಒಂದು ಸಲ ಮುಖ ನೋಡಿದ್ದು ಸರಿಯಾದರೆ, ಹತ್ತೊಂಬತ್ತು ವರ್ಷ ನೋಡದೆ ಕೊಟ್ಟದ್ದು ಏನು? ಒಂದೊಂದೇ ಮುಖ ನೆನಪಿಸಿಕೊಳ್ಳಲು ಪ್ರಯತ್ನಿಸುತ್ತೇನೆ, ಕೈಗಳು ಮಾತ್ರ ನೆನಪಾಗುತ್ತವೆ. ನೀನು ಹೇಳಿದ್ದು ಇದನ್ನೇ ಇರಬೇಕು. ಆದರೆ ಪೂರ್ತಿ ನಿನ್ನ ಕಡೆ ಬಂದೆನೆಂದೂ ಹೇಳಲಾರೆ. ಜಿಂಕೆಯ ಮಾಂಸ ತಿಂದೇ ನಿನ್ನನ್ನು ಬೆಳೆಸಿದವರು ನಾವು. ಗಸ್ ಕೊಲೆಗಾರನಲ್ಲ.

ಮೊನ್ನೆ ಶನಿವಾರ ಸ್ಟೀವ್ ದೊಡ್ಡಪ್ಪನ ಜೊತೆ ಕಾಡಿನ ನಮ್ಮ ಬೇಟೆ ಕ್ಯಾಂಪ್ ಮನೆ ಗುಡಿಸಲು ಹೋಗಿದ್ದೆ. ಒಲೆಯ ಮೇಲಿನ ಗೋಡೆಯಲ್ಲಿ ಗುರಿ ತಪ್ಪಿದವರ ಅಂಗಿ ಕತ್ತರಿಸಿ, ಹೆಸರು ಬರೆದು ಮೊಳೆ ಹೊಡೆದ ಚೂರುಗಳೆಲ್ಲ ಹೊಗೆ ಹಿಡಿದು ಹಾಗೇ ಇವೆ. ಅಜ್ಜನದು, ನನ್ನವು ಮೂರು, ಸ್ಟೀವನದು ಐದು. ಕೊನೆಯದು ನಿನ್ನದು, ಕೆಂಪು ಕಪ್ಪು ಚೌಕಳಿಯದು, "ರೆನೇಟಾ, ಹನ್ನೆರಡು ವರ್ಷ, ನಲವತ್ತು ಗಜ." ದೊಡ್ಡಪ್ಪ ಹಳೆಯ ಕಥೆಯನ್ನೇ ಮತ್ತೆ ತೆಗೆದ. "ನಲವತ್ತು ಗಜದಲ್ಲಿ ಹಸುವಿನಂಥ ಜಿಂಕೆ ನಿಂತಿದ್ರೆ ಆಕಾಶಕ್ಕೆ ಹೊಡೆದ್ಲಲ್ಲೋ ನಿನ್ನ ಮಗಳು," ಎಂದು ನಕ್ಕ. ಕತ್ತರಿ ಹಿಡಿದು ಅಂಗಿ ಕತ್ತರಿಸಿದವನು ನಾನೇ. ಎಲ್ಲರಿಗಿಂತ ಜೋರಾಗಿ ನಕ್ಕವಳು ನೀನು. ಮತ್ತೆಂದೂ ಬೇಟೆಗೆ ಬರಲಿಲ್ಲ.

ಇನ್ನು ನಿನ್ನನ್ನು ಕೇಳಬೇಕಾದದ್ದು. ಮ್ಯಾನೇಜರು ಒಂದು ಕಾಗದ ಕೊಟ್ಟಿದ್ದಾರೆ. ಜಿಂಕೆ ತೋಟಾದ ಕೌಂಟರಿನಲ್ಲೇ ಉಳಿಯುತ್ತೀರೋ, ಬಣ್ಣದ ಡಬ್ಬಿಗಳ ವಿಭಾಗಕ್ಕೆ ಹೋಗುತ್ತೀರೋ, ಶುಕ್ರವಾರದೊಳಗೆ ಗುರುತು ಹಾಕಿ ಕೊಡಿ ಎಂದು. ಅದು ಫ್ರಿಜ್ಜಿನ ಬಾಗಿಲಲ್ಲಿ ಅಂಟಿಕೊಂಡು ನನ್ನನ್ನೇ ನೋಡುತ್ತಿದೆ. ಕಂಪನಿ ಅರ್ಧ ನಿಲ್ಲಿಸಿದೆ. ನಾನು ಅಲ್ಲೇ ಉಳಿದರೆ ನೀನು ಅಂದಂತೆ ಬಿಟ್ಟ ಹಾಗಾಯಿತೋ ಇಲ್ಲವೋ? ಮುಂದಿನ ವಾರ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ನೀನು ಬರುವುದು ಅದರ ಮೇಲೆ ನಿಂತಿದೆಯಾ? ನೀನು ಬರಲೆಂದು ಕೌಂಟರ್ ಬಿಟ್ಟರೆ ಅದು ಬಿಟ್ಟಂತಲ್ಲ, ನನಗೇ ಅನ್ನಿಸಿ ಬಿಡಬೇಕು. ನನಗೆ ಏನನ್ನಿಸುತ್ತಿದೆ ಎಂಬುದೇ ಗೊತ್ತಾಗದೆ ಈ ಐದು ಹಾಳೆ ತುಂಬಿಸಿದ್ದೇನೆ. ನಿನ್ನನ್ನು ನೋಡಬೇಕೆನ್ನಿಸುತ್ತಿದೆ, ಅದೊಂದು ಮಾತ್ರ ಖಚಿತ.

ಹೊತ್ತಿಗೆ ಸರಿಯಾಗಿ ಊಟ ಮಾಡು, ನಿಂತುಕೊಂಡೇ ತಿನ್ನಬೇಡ. ಪಾಳಿ ಮುಗಿಸಿ ಕಾರು ಓಡಿಸುವಾಗ ಕಣ್ಣು ಎಳೆದರೆ ಪಕ್ಕಕ್ಕೆ ನಿಲ್ಲಿಸು. ನಿನ್ನ ಕೈಗೆ ಬರುವವರೆಲ್ಲ ಬದುಕಲಿ. ದೇವರು ನಿನ್ನನ್ನು ಕಾಯಲಿ.

ನಿನ್ನ ಅಪ್ಪ,
ಎಮಿಲ್ ಹುಡಾಕ್

ಮರೆತ ಮಾತು: ಟಪಾಲು ಗಾಡಿ ಆಗಲೇ ಸೇತುವೆ ದಾಟಿತು, ಬೇಗ ಬರೆಯುತ್ತೇನೆ. ಆ ದಿನ ನಿನ್ನ ಗುರಿ ತಪ್ಪಿರಲಿಲ್ಲ. ನಿನ್ನ ಭುಜಕ್ಕೆ ಭುಜ ತಾಗಿಸಿ ಕೂತಿದ್ದೆ. ಜಿಂಕೆ ತಲೆಯೆತ್ತಿ ನಿನ್ನತ್ತ ನೋಡಿತು, ನೀನು ಕೋವಿಯ ನಳಿಗೆಯನ್ನು ಒಂದು ಗೇಣು ಮೇಲಕ್ಕೆತ್ತಿ ಕುದುರೆ ಎಳೆದು ಗುಂಡು ಹಾರಿಸಿದೆ. ಗುಂಡು ತಾಗಿದ ಕೊಂಬೆಯಿಂದ ಒಂದು ಕಡ್ಡಿ ನನ್ನ ಟೋಪಿಯ ಮೇಲೆ ಬಿತ್ತು. ನೋಡಿಯೂ ಬಾಯಿ ಮುಚ್ಚಿಕೊಂಡು ನಿನ್ನ ಅಂಗಿ ಕತ್ತರಿಸಿದೆ, ಇಷ್ಟು ವರ್ಷ ಅವರ ನಗುವಿಗೆ ನನ್ನದನ್ನೂ ಸೇರಿಸಿದೆ. ತಪ್ಪಾಯಿತು ಮಗಳೇ. ನಿನ್ನ ಚೂರನ್ನು ಶನಿವಾರ ಗೋಡೆಯಿಂದ ಕಿತ್ತು ತಂದೆ, ಇದರೊಳಗಿದೆ. ಅದರ ಜೊತೆಗಿರುವ ಹಸಿರು ಚೂರು ಇವತ್ತು ಬೆಳಿಗ್ಗೆ ನನ್ನ ಅಂಗಡಿಯ ಕೋಟಿನಿಂದ ಕತ್ತರಿಸಿದ್ದು. ಅದರ ಮೇಲೆ ಡ್ವೈಟ್ ಬಂದ ಬುಧವಾರದ ತಾರೀಖು ಬರೆದಿದ್ದೇನೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಆ ಕೋಟು ಹಾಕಿಕೊಂಡು ಇನ್ನು ಕೌಂಟರಿಗೆ ಹೋಗಲಾಗುವುದಿಲ್ಲ ಎಂದು ಕತ್ತರಿ ಕೆಳಗಿಟ್ಟ ಮೇಲೆ ಹೊಳೆಯಿತು. ನಿನ್ನದನ್ನು ನೀನೇ ಇಟ್ಟುಕೋ. ನನ್ನದನ್ನು ಗುರುವಾರ ಬರುವಾಗ ತಾ, ಕ್ಯಾಂಪಿನ ಗೋಡೆಗೆ ನೀನೇ ಹೊಡೆಯಬೇಕು. ನಿನ್ನ ಚೂರಿಗೆ ಹೊಡೆದಿದ್ದ ಮೊಳೆ ಜೋಪಾನವಾಗಿ ನನ್ನ ಹತ್ತಿರ ಇದೆ.